ಕಾಳಿನ ಕೋಣೆಯ ಕತ್ತಲು

ಸಾವಿರದ ಒಂಬೈನೂರ ಎಂಬತ್ತರಲ್ಲಿ ನಾನು ಶಾಲೆ ಬಿಟ್ಟೆ. ಎಂಟನೇ ತರಗತಿ, ಅದೂ ಅರ್ಧಕ್ಕೆ. ಬಡತನ ಬಿಡಿಸಿತು ಎಂದು ಸನ್ಮಾನದ ಸಭೆಗಳಲ್ಲಿ ನನ್ನ ಬಗ್ಗೆ ಮಾತಾಡುವವರು ಹೇಳುವುದುಂಟು. ಅದು ಸುಳ್ಳು. ನಮ್ಮ ಮನೆಯಲ್ಲಿ ಉಣ್ಣುವುದಕ್ಕೆ, ಉಡುವುದಕ್ಕೆ ಕೊರತೆ ಇರಲಿಲ್ಲ. ಅಪ್ಪ ಶೇಂಗಾ ವ್ಯಾಪಾರ ಮಾಡುತ್ತಿದ್ದ, ಸ್ವಲ್ಪ ಹೊಲವೂ ಇತ್ತು. ನನಗೆ ಬೆಂಚಿನ ಮೇಲೆ ಕೂತು ಇನ್ನೊಬ್ಬರು ಹೇಳುವುದನ್ನು ಕೇಳುತ್ತಿರುವುದು ಆಗುತ್ತಿರಲಿಲ್ಲ, ಅಷ್ಟೇ. ಕೈಗೆ ಏನಾದರೂ ಕೆಲಸ ಬೇಕಿತ್ತು. ಒಂದು ಬೆಳಿಗ್ಗೆ ಪಾಟಿಚೀಲವನ್ನು ಗೂಟಕ್ಕೆ ನೇತುಹಾಕಿ, ಇನ್ನು ಹೋಗುವುದಿಲ್ಲ ಎಂದೆ. ರೊಟ್ಟಿ ಮುರಿಯುತ್ತಿದ್ದ ಅಪ್ಪ ತಲೆ ಎತ್ತದೆ ಕೇಳಿದ:

“ಸಾಲಿಗೆ ಹೋಗದ ಏನು ಮಾಡಾವ?”

“ಏನರ ಮಾಡ್ತೀನಿ.”

“ಏನರ ಅನ್ನೂದು ಒಂದು ಕೆಲಸ ಅಲ್ಲ. ಅದರ ಹೆಸರು ಹೇಳು.”

ಹೆಸರು ಹೇಳುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಸಂತೆಯಲ್ಲಿ ಚೀಲ ಹೊಲಿದೆ, ತಕ್ಕಡಿ ಹಿಡಿದೆ, ಹೊಲದಲ್ಲಿ ಕುಂಟೆ ಹೊಡೆದೆ. ಎಲ್ಲ ಮಾಡಿದೆ, ಯಾವುದರ ಮೇಲೂ ಮನಸ್ಸು ನಿಲ್ಲಲಿಲ್ಲ.

ಕೊಟ್ಟೂರಿನಲ್ಲಿದ್ದ ನಮ್ಮ ಮನೆ ಮಣ್ಣಿನ ಮಾಳಿಗೆಯದು. ತಲಬಾಗಿಲು ದಾಟಿದರೆ ಎಡಕ್ಕೆ ಎತ್ತು, ಎಮ್ಮೆ. ಮೆಟ್ಟಿಲೇರಿದರೆ ಪಡಸಾಲೆ. ಪಡಸಾಲೆಯ ಹಿಂದೆ ಅಡುಗೆಮನೆ ಮತ್ತು ದೇವರ ಕೋಣೆ, ಎಲ್ಲಕ್ಕಿಂತ ಒಳಗೆ ಕಾಳಿನ ಕೋಣೆ. ಉಳಿದ ಕೋಣೆಗಳಿಗೆ ಬೆಳಕು ಮಾಳಿಗೆಯ ಗವಾಕ್ಷಿಯಿಂದ ಇಳಿಯುತ್ತಿತ್ತು, ಕಾಳಿನ ಕೋಣೆಗೆ ಅದೂ ಇರಲಿಲ್ಲ. ಇಲಿ ಇಳಿಯುತ್ತವೆ ಎಂದು ಅಜ್ಜ ತನ್ನ ಕಾಲದಲ್ಲೇ ಅದನ್ನು ಬಂಡೆಕಲ್ಲು ಹಾಕಿ ಮುಚ್ಚಿಸಿದ್ದನಂತೆ. ಒಳಗೆ ಎದೆಯೆತ್ತರದ ಬಿದಿರಿನ ಕಣಜ, ಸಗಣಿ ಸಾರಿಸಿದ್ದು, ವರ್ಷದ ಜೋಳ ತುಂಬಿದ್ದು. ಹುಳ ಬೀಳದಿರಲಿ ಎಂದು ಅವ್ವ ಜೋಳಕ್ಕೆ ಒಲೆಯ ಬೂದಿ, ಬೇವಿನ ಸೊಪ್ಪು ಬೆರೆಸಿ ಇಡುತ್ತಿದ್ದಳು. ಹೊತ್ತು ಮುಳುಗುವಾಗ ಅಜ್ಜಿ, ಅಂದರೆ ಅಪ್ಪನ ತಾಯಿ, ದೇವರ ಕೋಣೆಯಿಂದ ಎಣ್ಣೆಯ ಹಣತೆ ಹಿಡಿದು ಹೊರಟು, ದನಗಳಿಗೆ, ಒಲೆಗೆ, ಪಡಸಾಲೆಗೆ ತೋರಿಸಿಕೊಂಡು, ಕೊನೆಗೆ ಕಾಳಿನ ಕೋಣೆಗೆ ಬಂದು ಕಣಜದ ಮುಂದೆ ಇಟ್ಟು ಕೈ ಮುಗಿಯುತ್ತಿದ್ದಳು. ಪಡಸಾಲೆಗೆ ಕರೆಂಟು ಬಂದು ಬಲ್ಬು ಉರಿಯತೊಡಗಿದ ಮೇಲೂ ಇದು ನಿಲ್ಲಲಿಲ್ಲ. ದೀಪದ ಹೊತ್ತಿನಲ್ಲಿ ಮನೆಯ ಯಾವ ಕೋಣೆಯೂ ಕತ್ತಲಲ್ಲಿ ಇರಬಾರದು, ಕಾಳಿರುವ ಕೋಣೆಯಂತೂ ಇರಲೇಬಾರದು. ಸೊಸೆಯಾಗಿ ಬಂದಂದಿನಿಂದ ಒಂದು ಸಂಜೆಯೂ ಅವಳು ತಪ್ಪಿಸಿರಲಿಲ್ಲ. ಇಟ್ಟ ದೀಪವನ್ನು ಊದಿ ಆರಿಸುವಂತಿಲ್ಲ, ಎತ್ತಿ ಹೊರಗೆ ಒಯ್ಯುವಂತಿಲ್ಲ. ಅದು ತಾನಾಗಿ ಶಾಂತವಾಗಬೇಕು.

ನನ್ನ ಅಕ್ಕನನ್ನು ಹರಪನಹಳ್ಳಿಗೆ ಕೊಟ್ಟಿತ್ತು. ಭಾವ ಅಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟಿದ್ದವನು, ಸರಕಾರಿ ನೌಕರಿ ಸಿಕ್ಕಿದ್ದೇ ಅಂಗಡಿ ಮುಚ್ಚಿಬಿಟ್ಟ. ನಾನು ಹಬ್ಬಕ್ಕೆ ಹೋದಾಗ ಅಟ್ಟದ ಮೇಲಿಂದ ಒಂದು ಟ್ರಂಕು ಇಳಿಸಿ ನನ್ನ ಮುಂದಿಟ್ಟ. ಒಂದು ಹಳೆಯ ಕ್ಯಾಮೆರಾ, ಔಷಧಿಯ ಪೊಟ್ಟಣಗಳು, ಮುಚ್ಚಳವಿರುವ ಸ್ಟೀಲಿನ ಟ್ಯಾಂಕು, ಅದರೊಳಗೆ ಕೂರುವ ಸ್ಟೀಲು ತಂತಿಯ ರೀಲು. ಕ್ಯಾಮೆರಾ ಕಂಡು ನನಗೆ ಆಸೆಯಾಯಿತು, ಆದರೆ ಕೈ ಹೋದದ್ದು ರೀಲಿನ ಕಡೆಗೆ. ಭಾವ ಅದನ್ನು ಬೆಳಕಿಗೆ ಹಿಡಿದು ತೋರಿಸಿದ.

“ನೋಡಪ್ಪ ಕೊಟ್ರೇಶಿ, ಎರಡು ಜಿಲೇಬಿ ಎದುರುಬದುರು ನಿಲ್ಸಿದಂಗೆ ಐತೆ ಅಲ್ವಾ? ಇವೆರಡರ ನಡುವೆ ಫಿಲ್ಮು ಓಡ್ಬೇಕು. ಒಂದು ಸುತ್ತು ಇನ್ನೊಂದು ಸುತ್ತಿಗೆ ಅಂಟ್ಕಂಡ್ರೆ ಅಲ್ಲಿಗೆ ಔಷಧಿ ಹೋಗಾದಿಲ್ಲ. ಔಷಧಿ ಹೋಗದ ಜಾಗದಾಗೆ ಮದುಮಗಳ ಮುಖ ಇರಾದಿಲ್ಲ.”

“ಇರದಿದ್ರ?”

“ಆಮೇಲೆ ನಿನ್ನ ಮುಖಾನೂ ಇರಾದಿಲ್ಲ. ಅವರ ಕಡೆಯೋರು ಬಿಡ್ತಾರಾ?”

ಇದನ್ನೆಲ್ಲ ಕಗ್ಗತ್ತಲಲ್ಲಿ ಮಾಡಬೇಕು. ಫಿಲ್ಮಿನ ಬೆನ್ನಿಗಿರುವ ಕಾಗದವನ್ನು ಬಿಚ್ಚುತ್ತ ಹೋಗಿ, ಫಿಲ್ಮಿನ ತುದಿ ಬೆರಳಿಗೆ ಸಿಕ್ಕಾಗ ಅದನ್ನು ಬಿಡಿಸಿಕೊಂಡು, ಎರಡು ಅಂಚು ಹಿಡಿದು ತುಸುವೇ ಬಾಗಿಸಿ, ರೀಲಿನ ನಡುವಿನ ಕೊಂಡಿಗೆ ಸಿಕ್ಕಿಸಿ, ಒಳಗಿನ ಸುತ್ತಿನಿಂದ ಹೊರಕ್ಕೆ ತಿರುಗಿಸುತ್ತ ತುಂಬಬೇಕು. ಜಾಸ್ತಿ ಬಾಗಿಸಿದರೆ ಫಿಲ್ಮು ಮುರಿದು ಕಲೆಯಾಗುತ್ತದೆ, ಕಡಿಮೆ ಬಾಗಿಸಿದರೆ ತಂತಿಯ ಸಂದಿಯಿಂದ ಹೊರಗೆ ಹಾರುತ್ತದೆ. ಬೆರಳು ಕಲಿಯಬೇಕಾದ ಕೆಲಸ. ನನಗೆ ಬೇಕಾದದ್ದು ಇದೇ ಎಂದು ಆ ಮಧ್ಯಾಹ್ನವೇ ಗೊತ್ತಾಯಿತು.

ಟ್ರಂಕು ಕೊಟ್ಟೂರಿಗೆ ತಂದೆ. ಕೆಟ್ಟುಹೋದ ಒಂದು ಫಿಲ್ಮನ್ನು ಭಾವ ಅಭ್ಯಾಸಕ್ಕೆಂದು ಕೊಟ್ಟಿದ್ದ. ಅದನ್ನು ರೀಲಿಗೆ ತುಂಬುವುದು, ಬಿಚ್ಚುವುದು, ಮತ್ತೆ ತುಂಬುವುದು. ಕಣ್ಣು ಮುಚ್ಚಿಕೊಂಡರೆ ಸಾಲದು, ರೆಪ್ಪೆ ತಾನಾಗಿ ತೆರೆದು ಮೋಸ ಮಾಡುತ್ತದೆ. ಅದಕ್ಕೆ ಪಡಸಾಲೆಯ ಮೂಲೆಯಲ್ಲಿ ಕರಿ ಕಂಬಳಿ ಮುಸುಕು ಹೊದ್ದು ಕೂರುತ್ತಿದ್ದೆ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ನಾನು ಮತ್ತು ಕುರಿಯ ವಾಸನೆ. ಪಕ್ಕದ ಮನೆಯ ಗಂಗವ್ವ ಒಂದು ದಿನ ಕಷಾಯ ಮಾಡಿಕೊಂಡು ಬಂದಳು.

“ಹುಡುಗಗ ಚಳಿಜ್ವರ ಬಂದೈತಿ ಅಂತಲ್ಲ?”

ಅವ್ವ ಅಕ್ಕಿ ಆರಿಸುತ್ತಿದ್ದಲ್ಲಿಂದಲೇ ಅಂದಳು:

“ಜ್ವರ ಅಲ್ಲಬೇ. ಒಳಗ ಜಿಲೇಬಿ ಮಾಡಾಕತ್ಯಾನ.”

ಗಂಗವ್ವ ಕಷಾಯ ಅಲ್ಲೇ ಇಟ್ಟು ಹೋದಳು. ಜ್ವರಕ್ಕಿಂತ ದೊಡ್ಡ ರೋಗ ಎಂದುಕೊಂಡಿರಬೇಕು.

ಬೆರಳು ಕಲಿತವು. ಮೊದಲ ನಿಜವಾದ ರೋಲನ್ನು ಕಾಳಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಗಲಿನಲ್ಲೇ ತುಂಬಿದೆ, ತೊಳೆದೆ, ಚಿತ್ರ ಮಾಡಿದೆ. ತಲಬಾಗಿಲ ಮುಂದೆ ಅಪ್ಪ ನಿಂತ ಚಿತ್ರ. ಅಪ್ಪನ ಕೋಟು, ರುಮಾಲು, ಮೀಸೆಯ ಮೇಲೆಲ್ಲ ಬಿಳಿ ಚುಕ್ಕೆ. ಅಪ್ಪ ಅದನ್ನು ದೂರ ಹಿಡಿದು ನೋಡಿದ, ಹತ್ತಿರ ತಂದು ನೋಡಿದ.

“ವಿಭೂತಿ ಹಣಿಗೆ ಹಚ್ಚಿದ್ನೆಪ್ಪ. ಮೈತುಂಬ ಯಾರು ಉಗ್ಗಿದ್ರು?”

ಎರಚಿದ್ದು ಅವ್ವನ ಕಣಜ. ಜೋಳಕ್ಕೆ ಬೆರೆಸಿದ ಬೂದಿ ಆ ಕೋಣೆಯ ಗಾಳಿಯಲ್ಲೇ ಇತ್ತು, ಬಾಗಿಲು ಹಾಕಿದರೆ ಎದ್ದು ಫಿಲ್ಮಿನ ಮೇಲೆ ಕೂರುತ್ತಿತ್ತು. ಮುಂದಿನ ಸಲ ನೆಲಕ್ಕೆ ನೀರು ಚಿಮುಕಿಸಿ, ಧೂಳು ಕೂತ ಮೇಲೆ ಕೆಲಸ ಮಾಡಿದೆ. ಚುಕ್ಕೆ ಕಡಿಮೆಯಾದವು. ನೀರೇ ಇದಕ್ಕೆ ಮದ್ದು ಎಂದು ನಂಬಿದೆ.

ಮಾಗಳದ ಬೀರಪ್ಪ ಎಂಬ ಕುರಿಗಾರ ಪ್ರತಿ ವರ್ಷ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಿದ್ದ. ಆ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದು, ಪಡಸಾಲೆಯ ಮೆಟ್ಟಿಲ ಮೇಲೆ ಕೂತು, ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು ಮಾತು ತೆಗೆದ.

“ಸಾವ್ಕಾರ್ರೆ, ನಿಮ್ಮ ಮಗ ಫೋಟೋ ತೆಗೀತಾನಂತಲ್ರಿ.”

“ತೆಗಿಯೂದು ತೆಗೀತಾನ. ಬರೂದು ಬಿಡೂದು ದೇವರಿಗೆ ಬಿಟ್ಟೈತಿ.”

“ನನ್ನ ಮಗಳ ಲಗ್ನಕ್ಕ ಕಳಸ್ರಿ. ಅಳಿಯಾನ ಮಂದಿ ಕುರಿ ಹೊಡ್ಕಂಡು ಹೊಳಿ ದಾಟಿ ಹೋಗಾರು. ಮತ್ತ ಯಾವಾಗ ಬರ್ತಾರೋ. ನಮ್ಮ ಕುರಿ ಮುಖಾ ಒಂದೊಂದೂ ನೆಪ್ಪೈತ್ರಿ ನನಗ, ಮಗಳದು ಮರಿತೀನಂತಲ್ಲ. ನಮ್ಮಾಕಿಗೆ ನೋಡಾಕ ಒಂದು ಇರ್ಲಿ ಅಂತ.”

ಬೀರಪ್ಪ ಹೋದ ಮೇಲೆ ಅಪ್ಪ ನನ್ನನ್ನು ಕೂರಿಸಿಕೊಂಡ. ಹರಪನಹಳ್ಳಿಯಲ್ಲಿ ನಮ್ಮ ಸಂಬಂಧಿಕರದೊಂದು ದಲಾಲಿ ಅಂಗಡಿ ಇತ್ತು, ಅಲ್ಲಿ ಒಬ್ಬ ಹುಡುಗ ಬೇಕೆಂದು ಹೇಳಿಕಳಿಸಿದ್ದರು.

“ಕೇಳಿಲ್ಲಿ. ಈ ಲಗ್ನದ ಫೋಟೋ ಬಂದ್ರ ಆ ಕ್ವಾಣಿ ನಿಂದು. ಕಾಳು ಬ್ಯಾರೆ ಕಡಿ ಇಡ್ತೀನಿ. ಬರ್ಲಿಲ್ಲಂದ್ರ ಸೋಮವಾರ ಹರಪನಹಳ್ಳಿ ಬಸ್ ಹತ್ತಬೇಕು, ದಲಾಲಿ ಅಂಗ್ಡ್ಯಾಗ ಕುಂದರಬೇಕು. ಮತ್ತ ಕ್ಯಾಮೆರಾದ ಮಾತು ಎತ್ತಂಗಿಲ್ಲ.”

“ಆತು.”

“ಆತು ಅಂದ್ರ?”

“ಕಾಳು ಎಲ್ಲಿ ಇಡ್ತಿ ಅನ್ನೂದು ಈಗ್ಲೇ ನೋಡ್ಕ.”

ಅಪ್ಪ ನಕ್ಕ. ನನ್ನ ಸೊಕ್ಕು ಅವನಿಗೆ ಸೇರುತ್ತಿತ್ತು, ಹೇಳುತ್ತಿರಲಿಲ್ಲ ಅಷ್ಟೇ.

ಫಿಲ್ಮು ಹೊಸಪೇಟೆಯಿಂದ ಬರಬೇಕು, ನನ್ನ ಹತ್ತಿರ ಇದ್ದದ್ದು ಒಂದೇ ರೋಲು. ಹನ್ನೆರಡು ಚಿತ್ರಕ್ಕೆ ಒಂದು ಮದುವೆ. ಮಾಗಳದಲ್ಲಿ ಹೊಳೆಯ ದಂಡೆಗೆ ಹಾಕಿದ ಹಂದರದಲ್ಲಿ ನಾನು ಊಟಕ್ಕೂ ಕೂರದೆ ನಿಂತಿದ್ದೆ. ಮದುಮಗಳು ಮೈಲವ್ವ ಬಾಸಿಂಗ ಸರಿಮಾಡಿಕೊಂಡು ನನ್ನನ್ನೇ ದಿಟ್ಟಿಸುತ್ತಿದ್ದಳು, ಕುರಿ ಕಳ್ಳನನ್ನು ನೋಡಿದ ಹಾಗೆ. ಮರುದಿನ ಮಧ್ಯಾಹ್ನದ ಬಸ್ಸಿಗೆ ಕೊಟ್ಟೂರಿಗೆ ಬಂದಿಳಿದೆ. ಅದರ ಮರುದಿನ ಸಂತೆ. ಬೀರಪ್ಪ ಸಂತೆಗೆ ಬಂದು ಚಿತ್ರ ಒಯ್ಯುವವನಿದ್ದ. ಅದಾದ ಬೆಳಿಗ್ಗೆಯೇ ಮಗಳು ಹೊಳೆ ದಾಟುವವಳು.

ಬೂದಿಯ ಒಂದು ಕಣವೂ ಏಳಬಾರದೆಂದು ಕಾಳಿನ ಕೋಣೆಗೆ ನೀರು ಹೊತ್ತೆ. ಚಿಮುಕಿಸುವುದಲ್ಲ, ಕೊಡಗಟ್ಟಲೆ ಸುರಿದೆ. ಗೋಡೆಗೂ ಎರಚಿದೆ, ಒದ್ದೆ ಚೀಲ ತೂಗುಹಾಕಿದೆ. ಟ್ಯಾಂಕಿಗೆ ಔಷಧಿ ತುಂಬಿ ಪಕ್ಕಕ್ಕಿಟ್ಟೆ, ರೀಲು ತುಂಬಿದ್ದೇ ಕತ್ತಲಲ್ಲೇ ಅದರೊಳಗೆ ಇಳಿಸಿ ಮುಚ್ಚುವುದು ನನ್ನ ಪದ್ಧತಿ. ಬಾಗಿಲು ಹಾಕಿ, ಕೆಳಗಿನ ಸಂದಿಗೆ ಗೋಣಿ ತುರುಕಿ ಕೂತೆ. ಕಾಗದ ಬಿಚ್ಚಿದೆ, ಫಿಲ್ಮು ಕೈಗೆ ಬಂತು, ಕೊಂಡಿಗೆ ಸಿಕ್ಕಿಸಿದೆ, ತಿರುಗಿಸಿದೆ. ಒಂದು ಸುತ್ತು ಹೋಗಿ ನಿಂತಿತು. ಬಿಚ್ಚಿ ಮತ್ತೆ ತುಂಬಿದೆ, ಮತ್ತೆ ನಿಂತಿತು. ಬೇಸಿಗೆಯ ಮಧ್ಯಾಹ್ನ ಸುರಿದ ಆ ನೀರೆಲ್ಲ ಆವಿಯಾಗಿ ಕೋಣೆ ಅನ್ನ ಬೇಯುವ ಗಡಿಗೆಯಾಗಿತ್ತು. ತಂತಿ ಬೆವರಿತ್ತು, ನನ್ನ ಬೆರಳು ಬೆವರಿದ್ದವು, ಫಿಲ್ಮು ಮೆತ್ತಗಾಗಿ ತಂತಿಗೆ ಬಲಿತ ಬೆಲ್ಲದ ಪಾಕದಂತೆ ಅಂಟುತ್ತಿತ್ತು. ಒತ್ತಿದರೆ ಚಿತ್ರ ಕೆರೆದುಹೋಗುತ್ತದೆ. ಬಿಚ್ಚಿದ ಕಾಗದ ಒದ್ದೆ ನೆಲಕ್ಕೆ ಬಿದ್ದು ಹಿಟ್ಟಾಗಿತ್ತು, ಮತ್ತೆ ಅದರೊಳಗೆ ಸುತ್ತುವಂತಿರಲಿಲ್ಲ. ಟ್ಯಾಂಕು ತುಂಬ ಔಷಧಿ, ಅದರೊಳಗೆ ಬಚ್ಚಿಡುವಂತಿರಲಿಲ್ಲ. ಬೀರಪ್ಪನ ಮಗಳ ಮದುವೆ ನನ್ನ ಎರಡು ಬೆರಳ ನಡುವೆ ಬಯಲಿಗೆ ಬಿದ್ದಿತ್ತು. ಎಷ್ಟು ಹೊತ್ತು ಹಾಗೆ ಒದ್ದಾಡಿದೆನೋ. ಹೊರಗೆ ಎಮ್ಮೆ ಬಂದ ಸಪ್ಪಳ ಕೇಳಿತು, ಅಜ್ಜಿಯ ಬಳೆಗಳು ಕೇಳಿದವು, ಬಾಗಿಲ ಮೇಲೆ ಕೈ ಬಿತ್ತು.

“ಕೊಟ್ರಾ, ಬಾಗಿಲಾ ತೆಗಿ. ದೀಪ ಬಂತು.”

“ಅಜ್ಜಿ, ತೆಗಿಯಾಕ ಬರಂಗಿಲ್ಲ. ಫಿಲ್ಮು ಬಯಲಾಗೈತಿ, ಬೆಳಕು ಬಿದ್ರ ಎಲ್ಲಾ ಹೋತು.”

“ಒಂದು ಗಳಿಗಿ ಇಟ್ಟು ಕೈ ಮುಗಿತೀನಿ.”

“ಇವತ್ತೊಂದಿನ ಹೊರಗ ನಿಂತು ತೋರ್ಸಬೇ.”

“ಕಣಜ ಒಳಗೈತಿ, ದೀಪ ಹೊರಗ ತೋರ್ಸಲೇನು? ಹಸಿದಾವ ಮನ್ಯಾಗಿದ್ರ ಬೀದ್ಯಾಗ ಗಂಗಾಳ ಇಡ್ತಾರೇನೋ?”

ಅಪ್ಪನ ದನಿ ಬಂತು.

“ತೆಗಿಯೋ ಕೊಟ್ರ್ಯಾ. ಮುದುಕಿ ದೀಪ ಹಿಡ್ಕಂಡು ನಿಂತಾಳ. ಫೋಟೋ ಹೋದ್ರ ಹೋಗ್ಲಿ.”

“ಹೋದ್ರ ಹೋಗ್ಲಿ ಅನ್ನಾಕ ಅದು ನಮ್ಮನಿ ಲಗ್ನ ಅಲ್ರಿ,” ಎಂದು ಅವ್ವ ಅಡುಗೆಮನೆಯಿಂದಲೇ ಅಂದಳು. “ಆ ಹುಡುಗಿ ನಾಡಿದ್ದು ಹೋಗಾಕಿ. ಎರಡನೇ ಸಲ ತಾಳಿ ಕಟ್ಟಿಸ್ತೀರೇನು?”

“ನಾನು ಏನನ್ನಾಕತ್ತೀನಿ, ನೀನು ಏನನ್ನಾಕತ್ತಿ?”

ಅಜ್ಜಿ ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. ಅವಳ ಹಟ ನನಗೆ ಗೊತ್ತಿತ್ತು, ನನ್ನ ಹಟ ಅವಳಿಂದಲೇ ಬಂದದ್ದು. ನಾನು ಎದ್ದು, ಫಿಲ್ಮಿನ ಸುರುಳಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯನ್ನು ಎಲ್ಲಾದರೂ ಒರೆಸಿಕೊಳ್ಳಬೇಕೆಂದು ಕತ್ತಲಲ್ಲಿ ಚಾಚಿದೆ. ಕೈ ಕಣಜದ ಬಾಯೊಳಗೆ ಹೋಯಿತು. ಮೊಣಕೈವರೆಗೆ ಜೋಳ. ಸುತ್ತ ಎಲ್ಲ ನೆಂದು ಕೂತಿದ್ದರೂ ಜೋಳ ಒಳಗೆ ತಣ್ಣಗೆ, ಗಲಗಲ ಒಣಗಿಯೇ ಇತ್ತು. ಕೈ ಹೊರಗೆ ತೆಗೆದಾಗ ಬೆವರಿನ ಒಂದು ಹನಿ ಉಳಿದಿರಲಿಲ್ಲ. ಆ ಕ್ಷಣ ನನಗೆ ಎಲ್ಲ ಒಟ್ಟಿಗೆ ಹೊಳೆಯಿತು. ಜೋಳ ಪಸೆ ಎಳೆದುಕೊಳ್ಳುತ್ತದೆ. ಜೋಳದ ಆಳದಲ್ಲಿ ಬೆಳಕೂ ಇಳಿಯುವುದಿಲ್ಲ.

ಉಟ್ಟ ಪಂಚೆ ಬಿಚ್ಚಿದೆ. ಒಣಗಿದ್ದ ಸೆರಗನ್ನು ಹುಡುಕಿ, ಫಿಲ್ಮಿನ ಸುತ್ತಿಗೊಂದು ಬಟ್ಟೆಯ ಸುತ್ತು ಬರುವಂತೆ ಸಡಿಲವಾಗಿ ಸುತ್ತಿ, ರೀಲನ್ನೂ ಒರೆಸಿ ಅದರೊಟ್ಟಿಗೆ ಕಟ್ಟಿ, ಮೇಲೆ ಕಣಜದ ಅಂಚಿಗೆ ಹಾಕಿಟ್ಟಿದ್ದ ಕರಿ ಕಂಬಳಿ ಬಿಗಿದೆ. ಗಂಟನ್ನು ಭುಜ ಮುಳುಗುವಷ್ಟು ಆಳಕ್ಕೆ ಜೋಳದಲ್ಲಿ ಹೂತೆ. ಮೇಲೆ ಕಾಳು ಸಮ ಮಾಡಿದೆ. ಆಮೇಲೆ ಬಾಗಿಲು ತೆಗೆದೆ.

ಅಜ್ಜಿ ದೀಪ ಮೇಲೆತ್ತಿ ನನ್ನನ್ನು ಕಾಲಿಂದ ತಲೆವರೆಗೆ ನೋಡಿದಳು.

“ಇದೇನೋ, ಕಣಜದ ಲಕ್ಷ್ಮಿ ಮುಂದ ಚಡ್ಡಿ ಮ್ಯಾಲ ನಿಂತೀದಿ. ಪಂಜಿ ಎಲ್ಲಿ?”

“ಕಣಜದಾಗ.”

“ಕಣಜದಾಗ?”

“ಬೀರಪ್ಪನ ಮಗಳು ಅಳಿಯಾನೂ ಅದರಾಗ ಅದಾರ.”

ಅವಳು ಕಣಜ ನೋಡಿದಳು, ನನ್ನನ್ನು ನೋಡಿದಳು. ದೀಪ ಕೆಳಗಿಟ್ಟು ಎಂದಿನಂತೆ ಕೈ ಮುಗಿದಳು.

“ಹಂಗಾರ ಮದುಮಕ್ಕಳಿಗೂ ಬೆಳಗಿದಂಗಾತು, ಬಿಡು. ಇನ್ನ ನಿನಗ ಕತ್ತಲ ಬೇಕೇನು?”

“ಬೇಕು. ಅವಸರ ಇಲ್ಲ, ಅವು ಒಣಗಲಿ.”

ಅಜ್ಜಿ ಹಣತೆಯನ್ನು ಬಗ್ಗಿಸಿ ಎಣ್ಣೆಯನ್ನು ಜೊತೆಗೆ ತಂದಿದ್ದ ಎಣ್ಣೆ ಗಿಂಡಿಗೆ ಬಸಿದಳು, ಬತ್ತಿ ನೆನೆಯುವಷ್ಟು ಮಾತ್ರ ಉಳಿಸಿದಳು. ಊದಲಿಲ್ಲ, ಎತ್ತಲಿಲ್ಲ. ಒದ್ದೆ ನೆಲಕ್ಕೆ ಮಣೆ ಹಾಕಿಕೊಂಡು ದೀಪದ ಮುಂದೆ ಕೂತಳು. ನಾನು ಚಡ್ಡಿಯಲ್ಲೇ ಅವಳ ಪಕ್ಕ ಕೂತೆ. ತೆರೆದ ಬಾಗಿಲಿಂದ ಗಾಳಿ ಆಡಿ ಕೋಣೆಯ ಸೆಕೆ ಇಳಿಯುತ್ತಿತ್ತು. ಬತ್ತಿ ಸಣ್ಣಗಾಗುತ್ತ, ಕೆಂಪಗಾಗುತ್ತ, ತಾನಾಗಿ ಶಾಂತವಾಯಿತು. ಅಜ್ಜಿ ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.

ನಾನು ಗೋಣಿ ತುರುಕಿದರೂ ಬಾಗಿಲ ಕೆಳಗೆ ಒಂದು ಬಿಳಿ ಗೆರೆ ಉಳಿಯಿತು. ಪಡಸಾಲೆಯ ಬಲ್ಬಿನದು, ಹಗಲಿನಲ್ಲಿ ಇರದಿದ್ದದ್ದು. ಕೂಗಿ ಹೇಳಬೇಕೆನ್ನುವಷ್ಟರಲ್ಲಿ ಟಕ್ ಎಂದು ಸ್ವಿಚ್ಚಿನ ಸಪ್ಪಳವಾಗಿ ಗೆರೆ ಹೋಯಿತು. ಅವ್ವ ಕೇಳುತ್ತಿದ್ದಳು:

“ಯಾಕ್ರಿ ಆರ್ಸಿದ್ರಿ? ಕತ್ತಲಾಗ ರೊಟ್ಟಿ ಹೆಂಗ ಬಡೀಲಿ?”

“ಸುಮ್ನ ಕುಂದ್ರು. ಹುಡುಗ ಮುಗಿಸ್ಲಿ.”

ಅದು ಅಪ್ಪನ ದನಿ. ಚಿತ್ರ ಬಂದರೆ ಸೋಲುವವನು ಅವನೇ. ಕಣಜದಿಂದ ಗಂಟು ತೆಗೆದು, ಬೂದಿ ಹತ್ತಿದ ಕಂಬಳಿಯನ್ನು ದೂರ ಸರಿಸಿ, ಕೈ ಒರೆಸಿಕೊಂಡು ಪಂಚೆ ಬಿಚ್ಚಿದೆ. ಫಿಲ್ಮು ಮತ್ತೆ ಗಟ್ಟಿಯಾಗಿ, ಹೊಸ ತಗಡಿನ ಹಾಗೆ ಪುಟಿಯುತ್ತಿತ್ತು. ಕೊಂಡಿಗೆ ಸಿಕ್ಕಿಸಿ ತಿರುಗಿಸಿದೆ. ತಂತಿಯ ಸಂದಿಯಲ್ಲಿ ಅದು ಸರ್ರನೆ ಸರಿಯುವ ಸದ್ದು ನನ್ನ ಕಿವಿಗೆ ಇವತ್ತಿಗೂ ಇದೆ. ಸುತ್ತಿನ ಮೇಲೆ ಸುತ್ತು ತುಂಬಿ, ಕೊನೆಯ ತುದಿ ಬೆರಳಿಗೆ ತಾಗಿತು. ಎಲ್ಲಿಯೂ ಅಂಟಿರಲಿಲ್ಲ. ರೀಲನ್ನು ಟ್ಯಾಂಕಿಗೆ ಇಳಿಸಿ, ಮುಚ್ಚಳ ತಿರುಗಿಸಿ, ಬಾಗಿಲು ಒದ್ದು ತೆರೆದೆ.

“ಲೈಟ್ ಹಾಕ್ರಿ.”

ತೊಳೆದ ಫಿಲ್ಮನ್ನು ಪಡಸಾಲೆಯ ದಾರಕ್ಕೆ ತೂಗುಹಾಕಿದಾಗ ಎಲ್ಲರೂ ಸುತ್ತ ನಿಂತರು. ಕೊನೆಯ ಒಂದರಲ್ಲಿ ಅಂಚು ಕೆರೆದಿತ್ತು, ಉಳಿದವೆಲ್ಲ ಗಾಜಿನಂತೆ ಸ್ವಚ್ಛ. ಒಂದೂ ಚುಕ್ಕೆ ಇಲ್ಲ.

“ಎಲ್ಲರೂ ಕರ್ರಗ ಅದಾರಲ್ಲೋ,” ಎಂದಳು ಅಜ್ಜಿ. “ಹಲ್ಲು ಸೈತ ಕರ್ರಗ.”

“ನಾಳಿ ಕಾಗದಕ್ಕ ಇಳಿಸಿದ್ರ ಬೆಳ್ಳಗಾಗ್ತಾರ.”

ಮರುದಿನ ಸಂತೆಯ ಗದ್ದಲದ ನಡುವೆ ಬೀರಪ್ಪ ಬಂದ. ಚಿತ್ರಗಳನ್ನು ಅಂಗೈಯಲ್ಲಿ ಒಂದೊಂದಾಗಿ ಇಟ್ಟುಕೊಂಡು ನೋಡಿದ. ಮಗಳು ನೇರ ನೋಡುತ್ತಿದ್ದ ಚಿತ್ರ ಬಂದಾಗ ಅಲ್ಲೇ ನಿಂತ.

“ಇದು ಅವರವ್ವಂದೇ ನೋಟ ನೋಡ್ರಿ. ನಮ್ಮ ಲಗ್ನದಾಗ ನನ್ನೂ ಹಿಂಗ ನೋಡಿದ್ಲು,” ಎಂದು ಕಣ್ಣು ಒರೆಸಿಕೊಂಡ. ಆಮೇಲೆ ಅಪ್ಪನ ಕಡೆ ತಿರುಗಿ, “ಸಾವ್ಕಾರ್ರೆ, ಹುಡುಗನ ಕೈಯಾಗ ಚಲೋ ಕೆಲಸ ಐತ್ರಿ,” ಎಂದ.

“ಐತಿ,” ಎಂದ ಅಪ್ಪ.

ಅಪ್ಪ ನನ್ನ ಬಗ್ಗೆ ಅದಕ್ಕಿಂತ ಹೆಚ್ಚು ಯಾವತ್ತೂ ಹೇಳಲಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ. ಸೋಮವಾರ ಹರಪನಹಳ್ಳಿ ಬಸ್ಸು ನಾನಿಲ್ಲದೆ ಹೋಯಿತು. ಅದೇ ಬೆಳಿಗ್ಗೆ ಅಪ್ಪ ಪಂಚೆ ಎತ್ತಿ ಕಟ್ಟಿ, ಆಳಿನ ಜೊತೆ ತಾನೂ ನಿಂತು, ಜೋಳವನ್ನು ಚೀಲಕ್ಕೆ ತುಂಬಿಸಿ ಪಡಸಾಲೆಗೆ ಸಾಗಿಸಿದ. ಕೊನೆಗೆ ಖಾಲಿ ಕಣಜ ಬಾಗಿಲಲ್ಲಿ ಹಿಡಿಸದೆ ಅದನ್ನು ಕೊಯ್ದು ಹೊರಗೆ ತೆಗೆದರು. ಅಜ್ಜಿಯನ್ನು ನಾನು ಹೆದರಿ ಹೆದರಿ ನೋಡಿದೆ. ಅವಳು ಚೀಲಗಳ ಸಾಲಿನ ಮುಂದೆ ದೀಪಕ್ಕೆ ಜಾಗ ಸಾರಿಸುತ್ತಿದ್ದಳು.

“ಕಾಳು ಎಲ್ಲೈತೋ ದೀಪ ಅಲ್ಲಿ,” ಎಂದಳು. “ಆ ಕ್ವಾಣಿ ಈಗ ನಿಂದು. ಅದರ ಕತ್ತಲಾನೂ ನಿಂದು.”

ಆ ಕೋಣೆಯಲ್ಲಿ ಹತ್ತು ವರ್ಷ ಕೆಲಸ ಮಾಡಿದೆ. ಕೂಡ್ಲಿಗಿ, ಹೊಸಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಎಲ್ಲಿ ಮದುವೆಯಿದ್ದರೂ ಫಿಲ್ಮು ಬಂದು ಸೇರುತ್ತಿದ್ದದ್ದು ಅಲ್ಲಿಗೆ. ಬಣ್ಣದ ಚಿತ್ರ ಬಂತು, ಕಲಿತೆ. ವಿಡಿಯೋ ಬಂತು, ಕಲಿತೆ. ಫಿಲ್ಮೇ ಇಲ್ಲದ ಕ್ಯಾಮೆರಾ ಬಂದಾಗ ನನ್ನ ಕಾಲದವರು ಅಂಗಡಿ ಮುಚ್ಚಿದರು, ನಾನು ನಲವತ್ತು ದಾಟಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಅದನ್ನೂ ಕಲಿತೆ.

ಈಗ ಇರುವುದು ಇಷ್ಟು. ಕೊಟ್ಟೂರಿನಲ್ಲಿ ಸ್ವಂತ ಜಾಗದಲ್ಲಿ ಒಂದು ಸ್ಟುಡಿಯೋ, ಹಗರಿಬೊಮ್ಮನಹಳ್ಳಿಯಲ್ಲಿ ಒಂದು, ಹಡಗಲಿಯಲ್ಲಿ ಒಂದು. ಒಂಬತ್ತು ಕ್ಯಾಮೆರಾ, ಎರಡು ಡ್ರೋನು, ಆಲ್ಬಂ ಮುದ್ರಿಸುವ ಒಂದು ಯಂತ್ರ, ಒಂದು ವ್ಯಾನು. ಹನ್ನೊಂದು ಮಂದಿ ಕೆಲಸಗಾರರು, ಅವರಲ್ಲಿ ನಾಲ್ವರು ಹೆಣ್ಣುಮಕ್ಕಳು. ಒಂದು ಮನೆ, ಒಬ್ಬಳು ಹೆಂಡತಿ, ಇಬ್ಬರು ಮಕ್ಕಳು, ಮೂವರು ಮೊಮ್ಮಕ್ಕಳು. ತೆಗೆದ ಮದುವೆಗಳನ್ನು ಎಣಿಸುವುದು ಬಿಟ್ಟಿದ್ದೇನೆ.